ದೇವರ ಡಬ್ಬದಲ್ಲಿ ಕೆಂಪು ಅಕ್ಕಿ

ಆ ವಾರದ ನನ್ನ ಡೈರಿಯಲ್ಲಿ ಅಕ್ಕಿಯ ಸುದ್ದಿಯೇ ಇಲ್ಲ. ಸೋಮವಾರದ ಪುಟದಲ್ಲಿ ಲೋಡ್ ಶೆಡ್ಡಿಂಗ್ ಬಗ್ಗೆ ಎರಡು ಸಾಲು, ಅರ್ಥಶಾಸ್ತ್ರದ ನೋಟ್ಸ್ ಸಿಗಲಿಲ್ಲವೆಂಬ ಗೊಣಗಾಟ. ಬುಧವಾರ, ‘ಅಪ್ಪನಿಗೆ ಹೊಟ್ಟೆನೋವು.’ ಶನಿವಾರ, ‘ಮಂಡಳಿಗೆ ಹೋದೆವು. ಸೆಖೆ. ಊಟ ಚೆನ್ನಾಗಿತ್ತು.’ ಇಷ್ಟೇ. ಬರೆದವಳು ನಾನೇ, ಅಕ್ಷರ ನನ್ನದೇ. ಆದರೆ ಆ ವಾರ ನಾನು ಮಾಡಿದ್ದರ ಗುರುತು ಆ ಪುಟಗಳಲ್ಲಿ ಎಲ್ಲಿಯೂ ಇಲ್ಲ. ಹಾಗಾಗಿ ಈಗ ಬರೆಯುತ್ತಿರುವುದು ಪೂರ್ತಿ ನೆನಪಿನಿಂದ. ನನ್ನ ನೆನಪು ನನಗೆ ಅನುಕೂಲವಾಗುವಂತೆ ತಿದ್ದಿಕೊಳ್ಳುವುದರಲ್ಲಿ ಪಳಗಿದ್ದು. ಒಂದು ಕಡೆ ಅದು ನನ್ನನ್ನು ಸಿಕ್ಕಿಹಾಕಿಸಿದೆ. ಆ ಜಾಗ ಬಂದಾಗ ಹೇಳುತ್ತೇನೆ.

ಎರಡು ಸಾವಿರದ ದಶಕದ ನಡುವಿನ ಒಂದು ಬೇಸಿಗೆ. ನಾವು ಮುಂಬೈ ಹೊರವಲಯದ ಡೊಂಬಿವಲಿ ಪೂರ್ವದಲ್ಲಿ, ಮೂರನೇ ಮಹಡಿಯ ಒಂದು ಕೋಣೆ ಮತ್ತು ಅಡುಗೆಮನೆಯಲ್ಲಿದ್ದೆವು. ಅಪ್ಪ, ಅಮ್ಮ, ನಾನು, ತಂಗಿ. ನಾನು ಕಲ್ಯಾಣದ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ, ತಂಗಿ ಹತ್ತನೆಯ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದಳು. ಅಪ್ಪ ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು ಅಡುಗೆ ಕಲಿತವರು, ಠಾಣೆಯ ಒಂದು ಕಾರ್ಖಾನೆಯ ಕ್ಯಾಂಟೀನನ್ನು ಹದಿನೆಂಟು ವರ್ಷ ನಡೆಸಿದವರು. ಹಿಂದಿನ ದೀಪಾವಳಿಗೆ ಕಾರ್ಖಾನೆ ಮುಚ್ಚಿತು. ಜಾಗ ಟವರ್ ಕಟ್ಟುವವರ ಪಾಲಾಯಿತು. ಆಮೇಲಿನ ಆರು ತಿಂಗಳೂ ಅಪ್ಪ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ, ಹಿಂದೆ ಹೋಗುತ್ತಿದ್ದ ಹೊತ್ತಿಗೇ ಮನೆ ಬಿಟ್ಟು, ಹಿಂದೆ ಬರುತ್ತಿದ್ದ ಹೊತ್ತಿಗೇ ಬರುತ್ತಿದ್ದರು. ನೆರೆಯವರು ಕೇಳಿದರೆ ‘ಡ್ಯೂಟಿಗೆ ಹೋಗಿದ್ದಾರೆ’ ಎನ್ನಬೇಕೆಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಎಲ್ಲರೂ ಹಾಗೆಯೇ ಹೇಳುತ್ತಿದ್ದೆವು. ಅಮ್ಮ ಸೀರೆಗಳಿಗೆ ಫಾಲ್ ಹಚ್ಚಿ ಬಂದದ್ದು ಬಾಡಿಗೆಗೆ ಹೋಗುತ್ತಿತ್ತು. ನನ್ನ ಪರೀಕ್ಷೆಯ ಫೀಸು ಹೇಗೆ ಕಟ್ಟಿದರೋ ನಾನು ಕೇಳಲಿಲ್ಲ. ಕೇಳಲು ಹೆದರಿದ್ದೆ.

ಅಡುಗೆಮನೆಯ ಹಲಗೆಯ ಮೇಲೆ ಎರಡು ಪಾತ್ರೆಗಳಿದ್ದವು. ಒಂದು, ನಾವು ಉಣ್ಣುವ ಕೆಂಪು ಕುಚ್ಚಲಕ್ಕಿಯ ನೀಲಿ ಡ್ರಮ್ಮು. ಇನ್ನೊಂದು, ಕುಂಕುಮದ ಬೊಟ್ಟಿಟ್ಟ ಐದು ಕಿಲೋ ವನಸ್ಪತಿಯ ಹಳೇ ಡಬ್ಬ. ಅದು ದೇವರ ಡಬ್ಬ. ಠಾಕುರ್ಲಿಯಲ್ಲಿ ನಮ್ಮ ಕಡೆಯವರ ಒಂದು ಭಜನಾ ಮಂಡಳಿ ಇತ್ತು. ಬೇಸಿಗೆಯಲ್ಲಿ ಅದರ ಮಂಗಲೋತ್ಸವ. ಬೆಳಗಿನಿಂದ ಭಜನೆ, ಮಧ್ಯಾಹ್ನ ಬಂದವರಿಗೆಲ್ಲ ಊಟ. ಆ ಊಟದ ಅಕ್ಕಿಯನ್ನು ಅಂಗಡಿಯಿಂದ ತರುವಂತಿಲ್ಲ. ಶಿವರಾತ್ರಿಯಿಂದ ಹಿಡಿದು ಪ್ರತಿ ಮನೆಯ ಹೆಂಗಸು ದಿನಾ ಅಡುಗೆಗೆ ಅಕ್ಕಿ ಅಳೆಯುವ ಮೊದಲು ಒಂದು ಮುಷ್ಟಿ ಎತ್ತಿಡಬೇಕು. ಬೆಳ್ತಿಗೆಯನ್ನೇ ಇಡಬೇಕು, ಬಿಳಿಯದನ್ನು. ಕುಚ್ಚಲಕ್ಕಿ ಬೇಯುವ ಹೊತ್ತೇ ಬೇರೆ. ಎರಡೂ ಬೆರೆತರೆ ಅನ್ನ ಹಾಳು. ಹಾಗಾಗಿ ಅಮ್ಮ ನಮಗೆ ಕುಚ್ಚಲಕ್ಕಿ, ದೇವರಿಗೆಂದು ಒಂದು ಸಣ್ಣ ಚೀಲದಲ್ಲಿ ಬೆಳ್ತಿಗೆ ಇಡುತ್ತಿದ್ದರು. ಮುಷ್ಟಿ ಹಾಕಿದ ಮೇಲೆ, ಕಿಟಕಿಯ ಕುಂಡದಿಂದ ಒಂದು ತುಳಸಿ ಎಲೆ ಕಿತ್ತು ಅದರ ಮೇಲಿಡುವರು. ಹಾಗೆ ಡಬ್ಬದೊಳಗೆ ಅಕ್ಕಿಯ ಪದರ, ಎಲೆಯ ಪದರ, ದಿನಕ್ಕೊಂದರಂತೆ ಏರುತ್ತಿತ್ತು.

ಆ ವರ್ಷ ನೀಲಿ ಡ್ರಮ್ಮು ಇಳಿಯುತ್ತಿತ್ತು, ದೇವರ ಡಬ್ಬ ಏರುತ್ತಿತ್ತು. ಅದನ್ನು ನೋಡಿದಾಗೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಕಾಲೇಜಿನಲ್ಲಿ ಕೊರತೆಯ ಬಗ್ಗೆ ಪುಟಗಟ್ಟಲೆ ಉತ್ತರ ಬರೆಯುತ್ತಿದ್ದವಳು ನಾನು. ಇದು ಶುದ್ಧ ಮೂರ್ಖತನವೆಂದು ಅಮ್ಮನಿಗೆ ಒಮ್ಮೆ ಹೇಳಿದ್ದೆ. ಅವರು ಕೈ ಒರೆಸಿಕೊಂಡು, “ನಿನ್ ಪುಸ್ತಕ ಉಂಡ್ರೆ ಹೊಟ್ಟೆ ತುಂಬತ್ತಾ?” ಎಂದು ಕೇಳಿದ್ದರು.

ಮಂಗಲೋತ್ಸವದ ವಾರ, ಸೋಮವಾರ ಬೆಳಿಗ್ಗೆ, ಅಮ್ಮ ಠಾಣೆ ಪಕ್ಕದ ಕಳ್ವೆಗೆ ಹೋಗಬೇಕಾಯಿತು. ಅವರ ಚಿಕ್ಕಮ್ಮನ ಮಗಳ ಬಾಣಂತನ. ನೋಡಿಕೊಳ್ಳುವವರು ಊರಿನಿಂದ ಬರಲು ಶುಕ್ರವಾರವಾಗುತ್ತದೆ. ಡ್ರಮ್ಮಿನ ತಳದಲ್ಲಿ ಒಂದು ಲೋಟದಷ್ಟು ಅಕ್ಕಿ ಉಳಿದಿತ್ತು. ಗೋಧಿ ಹಿಟ್ಟು ಭಾನುವಾರವೇ ಮುಗಿದಿತ್ತು.

“ಅಪ್ಪ ಇವತ್ತ್ ಅಕ್ಕಿ ತತ್ತ್ರ್,” ಎಂದರು ಅಮ್ಮ, ಚಪ್ಪಲಿ ಮೆಟ್ಟುತ್ತಾ. “ಹೇಳಿದ್ರ್. ನೀನ್ ಮುಷ್ಟಿ ಮಾತ್ರ ತಪ್ಪಿಸ್ಬೇಡ. ಬೆಳ್ತಿಗೆ ಚೀಲದಾಗೆ ನಾಲ್ಕ್ ದಿನಕ್ಕಿತ್ತ್, ಅಷ್ಟೇ ಇಪ್ಪುದ್.”

“ಅಪ್ಪ ತರದಿದ್ರೆ?”

“ಕೊಡುವವ ಕಾಣ್ತಾ ಇರ್ತ.”

ದೇವರು ನೋಡುತ್ತಿರುತ್ತಾನೆ ಎಂದು ಧೈರ್ಯದಿಂದ ಹೇಳಿದರು ಎಂದು ಬರೆಯಲು ಕೈ ಹೋಗುತ್ತದೆ. ಆದರೆ ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಮೆಟ್ಟಿಲಿಳಿದವರು ಮತ್ತೆ ಹತ್ತಿ ಬಂದು ಡ್ರಮ್ಮಿನ ಮುಚ್ಚಳ ಇನ್ನೊಮ್ಮೆ ತೆಗೆದು ನೋಡಿ ಹೋದರು.

ಸಂಜೆ ಅಪ್ಪ ಬರಿಗೈಯಲ್ಲಿ ಬಂದರು. ಸ್ಟೇಷನ್ ಹತ್ತಿರದ ಮಂಗಳೂರು ಸ್ಟೋರಿನಲ್ಲಿ ಉದ್ರಿ ಕೇಳಬಹುದಿತ್ತು. ಆದರೆ ಅಂಗಡಿಯವರು ಮಂಡಳಿಯವರೇ. ಉದ್ರಿ ಕೇಳಿದರೆ ಸುದ್ದಿ ಭಜನೆಗಿಂತ ಮೊದಲು ಠಾಕುರ್ಲಿ ತಲುಪುತ್ತದೆ. ಅಪ್ಪ ಅಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿ, “ನಾಳೆ,” ಎಂದರು. ತಂಗಿ ಹಸಿದು ಬಾಗಿಲಲ್ಲಿ ನಿಂತು “ಅಕ್ಕಾ, ಭೂಕ್ ಲಗೀ ಹೈ,” ಎಂದಳು. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತಿತ್ತು, ಬಾಯಿಗೆ ಮಾತ್ರ ಹಿಂದಿ ಅಥವಾ ಮರಾಠಿ.

ನಾನು ಅಡುಗೆಮನೆಗೆ ಹೋಗಿ ದೇವರ ಡಬ್ಬ ಇಳಿಸಿದೆ.

ಒಂದು ಲೋಟ ಕೆಂಪು ಅಕ್ಕಿಗೆ ಎರಡು ಲೋಟ ದೇವರ ಬಿಳಿ ಅಕ್ಕಿ ಸೇರಿಸಿ, ತೊಳೆದು, ಒಂದೇ ಪಾತ್ರೆಗೆ ಹಾಕಿದೆ. ಬೆರೆಸಬಾರದೆಂದು ವರ್ಷ ವರ್ಷ ಕೇಳಿದ್ದೆ. ಅದು ಮಂಡಳಿಯ ಮಡಿಯ ನಿಯಮವೆಂದೇ ನನ್ನ ತಿಳುವಳಿಕೆ. ಒಲೆಯ ನಿಯಮವೆಂದು ಹೊಳೆದಿರಲಿಲ್ಲ. ಅರ್ಧ ಗಂಟೆಯಲ್ಲಿ ಬಿಳಿಯದು ಕರಗಿ ಅಂಟಾಯಿತು. ಕೆಂಪು ಹಾಗೆಯೇ ಇತ್ತು, ನೆನೆದ ಜಲ್ಲಿಯ ಹಾಗೆ. ಗ್ಯಾಸ್ ಉಳಿಸಬೇಕೆಂಬ ಹೆದರಿಕೆ ಬೇರೆ. ಇಳಿಸಿಬಿಟ್ಟೆ.

ಕರೆಂಟ್ ಹೋಗಿತ್ತು. ಮೇಣದ ಬತ್ತಿಯ ಬೆಳಕಿನಲ್ಲಿ ಅಪ್ಪ ಮೊದಲ ತುತ್ತು ಬಾಯಿಗಿಟ್ಟರು. ಹಲ್ಲಿಗೆ ಸಿಕ್ಕ ಕಾಳಿನ ಸದ್ದು ನನಗೂ ಕೇಳಿಸಿತು. ದಿನಕ್ಕೆ ಮುನ್ನೂರು ಜನರಿಗೆ ಬೇಯಿಸಿದವರ ಬಾಯಿ ಅದು.

“ಎರಡಕ್ಕಿ ಒಟ್ಟಿಗ್ ಹಾಕಿದ್ಯಾ?”

“ಹ್ಞೂಂ.”

“ಬಿಳೀದ್ ಎಲ್ಲಿಂದ?”

ಅಪ್ಪ ತಲೆಯೆತ್ತಿ ಹಲಗೆಯ ಕಡೆ ನೋಡಿದರು. ಆಮೇಲೆ ಪಾತ್ರೆಯನ್ನು ತಮ್ಮ ಕಡೆ ಎಳೆದುಕೊಂಡು, ಮೇಲಿನ ಮೆತ್ತಗಿನದನ್ನೆಲ್ಲ ಸೌಟಿನಲ್ಲಿ ತೆಗೆದು ನನಗೂ ತಂಗಿಗೂ ಬಡಿಸಿ, ತಳದ ಗಟ್ಟಿಯನ್ನು ತಾವೇ ಉಂಡರು. ಒಂದೊಂದು ತುತ್ತನ್ನೂ ಜಗಿದು, ನೀರು ಕುಡಿದು, ಪೂರ್ತಿ. ಪಾತ್ರೆಯಲ್ಲಿ ಅಮ್ಮನ ಕಣ್ಣಿಗೆ ಬೀಳುವಂಥದ್ದು ಏನೂ ಉಳಿಯಬಾರದೆಂದು ಉಂಡರೋ, ಹಸಿವಿಗೆ ಉಂಡರೋ, ನನಗೆ ತಿಳಿಯದು.

“ಅಮ್ಮಂಗ್ ಹೇಳ್ಬೇಡ,” ಎಂದರು ಕೈ ತೊಳೆಯುತ್ತಾ. “ನಾಳೆ ಹಾಕೂದಾದ್ರೆ ಬರೀ ಬೆಳ್ತಿಗೆ ಹಾಕ್.”

ಈ ಕೊನೆಯ ಮಾತನ್ನು ಅಪ್ಪ ನಿಜವಾಗಿ ಆಡಿದರೇ? ಇಷ್ಟು ವರ್ಷ ನಾನು ಹಾಗೆಯೇ ನಂಬಿದ್ದೇನೆ. ಆದರೆ ಆ ಮಾತು ನನ್ನ ಕಳ್ಳತನದಲ್ಲಿ ಅವರಿಗೂ ಪಾಲು ಕೊಡುತ್ತದೆ. ಅದಕ್ಕೇ ನನಗೆ ಅನುಮಾನ. ಕೇಳೋಣವೆಂದರೆ ಅವರು ಈಗ ಇಲ್ಲ.

ಮಂಗಳವಾರ ‘ನಾಳೆ.’ ಬುಧವಾರ ಅಪ್ಪ ಹೊಟ್ಟೆ ಹಿಡಿದುಕೊಂಡು ಮಲಗಿದರು, ಹೊರಗೇ ಹೋಗಲಿಲ್ಲ. ಗುರುವಾರವೂ ಹಾಗೆಯೇ. ದಿನಾ ಸಂಜೆ ನಾನು ಡಬ್ಬ ಇಳಿಸುತ್ತಿದ್ದೆ. ಚೀಲದಲ್ಲಿದ್ದ ನಾಲ್ಕು ಮುಷ್ಟಿಯೂ ಬೇಯಿಸುವ ಪಾತ್ರೆಗೇ ಹೋಯಿತು. ತೆಗೆಯುವಾಗ ಒಣಗಿದ ತುಳಸಿ ಎಲೆಗಳು ಕೈಗೆ ಸಿಗುತ್ತಿದ್ದವು. ಅವನ್ನು ಎಸೆಯಲು ಹೆದರಿಕೆ. ಒಂದು ಬಟ್ಟಲಲ್ಲಿ ಹಾಕಿಟ್ಟು, ಗುರುವಾರ ಎಲ್ಲವನ್ನೂ ಉಳಿದ ಅಕ್ಕಿಯ ಮೇಲೆ ಹರಡಿದೆ. ಡಬ್ಬ ಅರ್ಧಕ್ಕಿಳಿದಿತ್ತು. ಅರ್ಧ ಡಬ್ಬ ಅಕ್ಕಿ, ಅದರ ಮೇಲೆ ಒಂದೂವರೆ ತಿಂಗಳ ಎಲೆಗಳು ಒಟ್ಟಿಗೆ. ನೋಡಿದವರಿಗೆ ಮುಚ್ಚಳ ತೆಗೆದೊಡನೆ ಗೊತ್ತಾಗುವಂತಿತ್ತು.

ಆ ದಿನಗಳಲ್ಲಿ ನನಗೆ ದೇವರಲ್ಲಿ ನಂಬಿಕೆ ಇತ್ತೇ? ಇಲ್ಲವೆಂದೇ ಹೇಳಿಕೊಳ್ಳುತ್ತಿದ್ದೆ. ಇಲ್ಲದಿದ್ದರೆ ಡಬ್ಬ ಇಳಿಸುವಾಗ ದೇವರ ಪಟದ ಕಡೆ ಬೆನ್ನು ಮಾಡಿ ನಿಲ್ಲುತ್ತಿದ್ದದ್ದು ಏಕೆ?

ಶುಕ್ರವಾರ ಸಂಜೆ ಅಮ್ಮ ಬಂದರು. ಕೈಯಲ್ಲೊಂದು ಬಟ್ಟೆಯ ಚೀಲ. “ಬಾಣಂತಿ ಮನೆಯವ್ರ್ ಕೊಟ್ರ್,” ಎಂದು ಕೆಳಗಿಟ್ಟರು. “ಊರಿಂದ ಬಂದದ್ದಂಬ್ರ್. ಎರಡ್ ಕಿಲೋ ಆಯ್ಕು. ಬ್ಯಾಡ ಅಂದೆ, ಕೇಳಿಲ್ಲ.” ಬಿಚ್ಚಿದರೆ ಕುಚ್ಚಲಕ್ಕಿ. ದಪ್ಪ ಕಾಳು, ಇಟ್ಟಿಗೆಯ ಬಣ್ಣ. ತಂಗಿ ಬಗ್ಗಿ ಮೂಸಿ ನೋಡಿ ನಕ್ಕಳು. ಅಮ್ಮನ ಮುಖ ಆರು ತಿಂಗಳಲ್ಲಿ ಮೊದಲ ಸಲ ಸಡಿಲಾಗಿತ್ತು. “ಕಂಡ್ಯಾ?” ಎಂದರು ನನಗೆ. ಅಷ್ಟೇ, ಒಂದೇ ಮಾತು.

ಆಮೇಲೆ ದೀಪ ಹಚ್ಚಿ, ಕೈಕಾಲು ತೊಳೆದು, ಆ ದಿನದ ಮುಷ್ಟಿಗೆಂದು ಅಡುಗೆಮನೆಗೆ ಹೋದರು. ಕರೆಂಟ್ ಆಗಲೇ ಹೋಗಿತ್ತು. ನಾನು ಹೊರಗಿನ ಕೋಣೆಯಲ್ಲಿ ಪುಸ್ತಕ ಹಿಡಿದು ಕುಳಿತಿದ್ದೆ. ಅಪ್ಪ ಗೋಡೆಗೆ ತಿರುಗಿ ಮಲಗಿದ್ದರು. ಡಬ್ಬ ಇಳಿಸಿದ ಸದ್ದು. ಮುಚ್ಚಳ ತೆಗೆದ ಸದ್ದು. ಆಮೇಲೆ ಏನೂ ಇಲ್ಲ. ಅಮ್ಮ ಕೂಗುತ್ತಾರೆಂದು ಕಾದೆ. ಬೈಯುತ್ತಾರೆಂದು ಕಾದೆ. ಅಪ್ಪನ ಬೆನ್ನು ಕೂಡ ಕಾಯುತ್ತಿತ್ತು, ಉಸಿರಾಟದಲ್ಲೇ ತಿಳಿಯುತ್ತಿತ್ತು. ತುಂಬಾ ಹೊತ್ತಿನ ನಂತರ ಅಕ್ಕಿ ಸುರಿದ ಸದ್ದು, ಒಂದು ಸಲ, ಮತ್ತೊಂದು ಸಲ. ಅಮ್ಮ ಹೊರಗೆ ಬಂದು, “ಬಾಣಂತಿ ಮನೆಯವ್ರ್ ಕೊಟ್ಟ ಅವಲಕ್ಕಿ ಇತ್ತ್, ಇವತ್ತ್ ಅದನ್ನೇ ತಿಂಬ,” ಎಂದರು. ಎರಡು ಕಿಲೋ ಅಕ್ಕಿ ಬಂದ ದಿನ ಅವಲಕ್ಕಿ ಏಕೆಂದು ಯಾರೂ ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಹೊರಡುವಾಗ ಡಬ್ಬವನ್ನು ನನ್ನ ಕೈಗೆ ಕೊಟ್ಟರು. ಭಾರವಾಗಿತ್ತು.

ಡೊಂಬಿವಲಿಯಿಂದ ಠಾಕುರ್ಲಿಗೆ ಒಂದೇ ಸ್ಟೇಷನ್. ಲೋಕಲ್ ರೈಲಿನ ಲೇಡೀಸ್ ಬೋಗಿಯ ಬಾಗಿಲ ಬಳಿ ನಿಂತು, ಮುಚ್ಚಳವನ್ನು ಒಂದು ಬೆರಳಷ್ಟು ಎತ್ತಿದೆ. ಅಂಚಿನವರೆಗೂ ಬಿಳಿ ಅಕ್ಕಿ. ಮೇಲೊಂದು ಹಸಿ ತುಳಸಿ ಎಲೆ. ನಾನು ತೆಗೆದೇ ಇಲ್ಲವೇನೋ ಎಂಬಂತೆ.

ಆ ಮೂರು ನಿಮಿಷದಲ್ಲಿ ನನಗಾದದ್ದನ್ನು ಆಮೇಲೆ ಯಾವ ಗೆಳತಿಗೂ ಹೇಳಿಲ್ಲ. ತುಂಬಿತು ಎಂದುಕೊಂಡೆ. ಯಾರೂ ತುಂಬಿಸದೆ ತುಂಬಿತು. ಎಲ್ಲ ಓದೂ, ಎಲ್ಲ ವಾದವೂ ಆ ನೂಕುನುಗ್ಗಲಲ್ಲಿ ಎಲ್ಲಿ ಬಿದ್ದಿತೋ. ಮನೆಗೆ ಬೆಳ್ತಿಗೆ ಬಂದಿರಲಿಲ್ಲ, ಅದು ನನಗೆ ಗೊತ್ತಿತ್ತು. ಬಂದದ್ದು ಕೆಂಪು. ಹಾಗಾದರೆ ಈ ಬಿಳಿ? ಪವಾಡದ ಬಗ್ಗೆ ನನಗೆ ಸಂತೋಷವಾಗಲಿಲ್ಲ, ಭಯವಾಯಿತು. ಆ ಕೊಡುವವ ಕಂಡಿದ್ದಾನೆ ಎನಿಸಿತು.

ಪ್ರತಿ ವರ್ಷ ಡಬ್ಬಗಳನ್ನು ಒಳಗೆ ಅಡುಗೆಯವರ ಕೈಗೆ ಕೊಟ್ಟು ಬಂದರಾಗುತ್ತಿತ್ತು. ಆ ವರ್ಷ ಹೊಸ ಕ್ರಮ ಮಾಡಿದ್ದರು. ಸಭಾಗೃಹದ ನಡುವೆ, ದೀಪದ ಮುಂದೆ, ಒಂದು ಬಿಳಿ ಪಂಚೆ ಹಾಸಿ, ಪ್ರತಿ ಮನೆಯವರೂ ಬಂದು ಎಲ್ಲರೆದುರು ಅಕ್ಕಿ ಸುರಿಯಬೇಕು. ಮಕ್ಕಳೂ ನೋಡಿ ಕಲಿಯಲಿ ಎಂದು. ಅದನ್ನು ಬಾಗಿಲಲ್ಲೇ ಕೇಳಿದ ಅಮ್ಮ ಒಂದು ಕ್ಷಣ ನಿಂತರು. “ಒಳಗೆ ಕೊಡೂಕಾತಿಲ್ಯಾ?” ಎಂದರು. “ಇಲ್ಲ ಮಾರಾಯ್ತಿ, ಎಲ್ಲರೂ ಸುರಿತಾ ಇದ್ದಾರಲ್ಲ, ಬಾ ಬಾ,” ಎಂದು ಯಾರೋ ಅವರ ಕೈ ಹಿಡಿದು ಎಳೆದರು. ಅಮ್ಮ ಡಬ್ಬವನ್ನು ನನ್ನಿಂದ ತೆಗೆದುಕೊಂಡರು. ತಾಳದ ಸದ್ದು ಜೋರಾಗಿತ್ತು.

ಮೊದಲು ಬಿಳಿ ಬಿದ್ದಿತು. ಆಮೇಲೆ ಕೆಂಪು.

ಅಷ್ಟು ಹೊತ್ತಿಗೆ ಪಂಚೆಯ ಮೇಲೆ ಏಳೆಂಟು ಮನೆಗಳ ಅಕ್ಕಿ ರಾಶಿಯಾಗಿತ್ತು. ಅದರ ನೆತ್ತಿಯಿಂದ ನಮ್ಮ ಕುಚ್ಚಲಕ್ಕಿ ಎಲ್ಲ ಕಡೆಗೂ ಹರಿದು ಇಳಿಯಿತು. ಅಮ್ಮ ಡಬ್ಬವನ್ನು ಅರ್ಧಕ್ಕೆ ತಡೆಯಲು ನೋಡಿದರು. ಅಕ್ಕಿ ನಿಲ್ಲಲಿಲ್ಲ. ಶುಕ್ರವಾರ ಸಂಜೆ ಆ ಕತ್ತಲೆಯಲ್ಲಿ, ಉಳಿದ ಬಿಳಿಯನ್ನು ಬೇರೆ ಪಾತ್ರೆಗೆ ತೆಗೆದು, ನಮ್ಮ ವಾರದ ಊಟವನ್ನು ಡಬ್ಬದ ತಳಕ್ಕೆ ಹಾಕಿ, ಮೇಲೆ ಬಿಳಿ ಮುಚ್ಚಿದ್ದರು.

ಹಿಂದಿನಿಂದ ಒಬ್ಬಾಕೆ ಕೂಗಿದಳು: “ಅಯ್ಯೋ ದೇವರೇ, ಕುಚ್ಚಲಕ್ಕಿ! ದೇವರಿಗೂ ಶುಗರ್ ಬಂತಾ?” ಕೆಂಪಕ್ಕಿ ಸಕ್ಕರೆ ಕಾಯಿಲೆಯವರ ಪಥ್ಯ. ಹೆಂಗಸರು ನಕ್ಕರು. ಕೆಟ್ಟ ನಗುವಲ್ಲ, ಹಬ್ಬದ ದಿನದ ನಗು. ಅದಕ್ಕೇ ಇನ್ನೂ ಸಹಿಸಲಾಗದಂತಿತ್ತು. ಇನ್ನೊಬ್ಬಾಕೆ, “ಅಡುಗೆಯವರ ಮನೆಯಿಂದಲೇ ಹೀಗೆ ಬಂದರೆ ಹೇಗೆ ಹೇಳಿ,” ಎಂದಳು. ಅಮ್ಮ ಖಾಲಿ ಡಬ್ಬ ಹಿಡಿದು ನಿಂತಿದ್ದರು. ಅವರ ಕಿವಿ ಕೆಂಪಾದದ್ದು ಹಿಂದಿನಿಂದ ನನಗೆ ಕಾಣುತ್ತಿತ್ತು.

ಇದೇ ಆ ಜಾಗ. ನನ್ನ ನೆನಪಿನಲ್ಲಿ ನಾನು ಮುಂದೆ ಹೋಗಿ, ಎಲ್ಲರಿಗೂ ಕೇಳುವಂತೆ, “ಅಮ್ಮನ ತಪ್ಪಲ್ಲ. ಅಕ್ಕಿ ತೆಗೆದದ್ದು ನಾನು,” ಎಂದೆ. ತಾಳ ನಿಂತದ್ದು ನೆನಪಿದೆ. ಹತ್ತು ವರ್ಷದ ನಂತರ ಇದನ್ನು ತಂಗಿಯ ಮುಂದೆ ಹೇಳಿದಾಗ ಅವಳು ನಕ್ಕುಬಿಟ್ಟಳು. “ಅಕ್ಕಾ, ತೂ ಕುಠೇ ಬೋಲ್ಲೀಸ್?” ನೀನೆಲ್ಲಿ ಮಾತಾಡಿದೆ? “ನೀನು ಚಪ್ಪಲಿ ಬಿಡುವ ಕಡೆ ಓಡಿಹೋದೆ. ನಾನೇ ಬಂದು ಕರೆದದ್ದು.” ಈ ಮಾತನ್ನು ಮಾತ್ರ ಅವಳು ಕನ್ನಡದಲ್ಲಿ ಹೇಳಿದಳು, ತಪ್ಪಿಸಿಕೊಳ್ಳಲಾಗದ ಹಾಗೆ. ಚಪ್ಪಲಿಗಳ ರಾಶಿ ನನಗೂ ನೆನಪಿದೆ. ಒಂದು ನೀಲಿ ಪಟ್ಟಿಯ ಚಪ್ಪಲಿಯನ್ನು ನಾನು ಎಷ್ಟೋ ಹೊತ್ತು ನೋಡುತ್ತಿದ್ದದ್ದು ನೆನಪಿದೆ. ಎರಡೂ ನೆನಪು ಒಟ್ಟಿಗೆ ನಿಜವಾಗಲಾರವು. ತಂಗಿಯದೇ ನಿಜವೆಂದು ಈಗ ಒಪ್ಪಿದ್ದೇನೆ.

ಮಾತಾಡಿದ್ದು ದೊಡ್ಡಮ್ಮ. ಮಂಡಳಿ ಶುರುವಾದದ್ದು ಅವರ ಮನೆಯ ಜಗಲಿಯಲ್ಲಿ. ಎಲ್ಲರಿಗೂ ಅವರು ದೊಡ್ಡಮ್ಮನೇ. ಉಡುಪಿ ಕಡೆಯವರು, ಎಪ್ಪತ್ತು ದಾಟಿತ್ತು. ಮಂಡಿ ಹಿಡಿದು ಎದ್ದು ಬಂದು, ರಾಶಿಯಿಂದ ನಾಲ್ಕು ಕೆಂಪು ಕಾಳು ಅಂಗೈಗೆ ತೆಗೆದು ನೋಡಿದರು. ಆಮೇಲೆ ಅಮ್ಮನ ಮುಖ ನೋಡಿದರು. ಬೆಳ್ತಿಗೆ ಮುಗಿದ ಮನೆಯವಳು ಮಾತ್ರ ಉಣ್ಣುವ ಅಕ್ಕಿಗೆ ಕೈ ಹಾಕುತ್ತಾಳೆ. ಅದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ನಗುವುದೆಂತ? ಗೆರಸಿ ತನ್ನಿ,” ಎಂದರು. “ಹೀಗೇ ಬೇಯಿಸ್ಲಿಕ್ಕಾಗುದಿಲ್ಲ. ಎಲ್ಲರೂ ಕೂತು ಹೆಕ್ಕಿ. ಬಾಯಿ ಇದ್ದವರು ಭಜನೆ ಹೇಳ್ತಾ ಹೆಕ್ಕಿ.”

ಹತ್ತು ಹನ್ನೆರಡು ಹೆಂಗಸರು ಮೊರ ಹಿಡಿದು ಸುತ್ತ ಕುಳಿತರು, ಶುಗರ್ ಎಂದವಳೂ ಸೇರಿ. ನಾನು ಅಮ್ಮನ ಹಿಂದೆ ಕುಳಿತೆ. ಒಂದು ಗಂಟೆಗೂ ಮೇಲೆ ಹಿಡಿಯಿತು. ಮೊದಮೊದಲು ಯಾರೂ ಅಮ್ಮನ ಕಡೆ ನೋಡಲಿಲ್ಲ. ದೊಡ್ಡಮ್ಮ ತಲೆಯೆತ್ತದೆ, ಮೆಲ್ಲಗೆ ಕೇಳಿದರು:

“ಯಾವಾಗಿಂದ?”

“ದೀಪಾವಳಿಂದ,” ಎಂದರು ಅಮ್ಮ.

“ಆರು ತಿಂಗಳು! ಬಾಯಿಲ್ವಾ ನಿಂಗೆ?”

“ಅವ್ರ್ ಯಾರಿಗೂ ಹೇಳ್ಬೇಡ ಅಂದಿರ್.”

“ಅವನಿಗೆ ಮರ್ಯಾದೆ ಬೇಕು, ನಿಮಗೆ ಅನ್ನ ಬೇಡ. ಚಂದ ಉಂಟು.” ಸ್ವಲ್ಪ ಹೊತ್ತು ಹೆಕ್ಕಿದರು. “ಇವತ್ತು ಯಾಕೆ ಬರ್ಲಿಲ್ಲ? ಪ್ರತಿ ವರ್ಷ ಸೌಟು ಹಿಡಿಯುವವ.”

“ಹೊಟ್ಟೆನೋವ್.”

“ಹೊಟ್ಟೆನೋವಂತೆ,” ಎಂದರು ದೊಡ್ಡಮ್ಮ, ನಂಬದ ದನಿಯಲ್ಲಿ. ವಿಚಿತ್ರವೆಂದರೆ ಆರು ತಿಂಗಳಿಂದ ಅಪ್ಪನ ಬಗ್ಗೆ ನಾವು ಹೇಳುತ್ತಿದ್ದ ನೆಪಗಳಲ್ಲಿ ಅದೊಂದೇ ನಿಜ.

“ಭಿವಂಡಿ ಗೋಡೌನಿನ ಮೆಸ್ಸಿಗೆ ಜನ ಬೇಕು ಅಂತ ನಮ್ಮ ಯಜಮಾನರು ಎರಡು ತಿಂಗಳಿಂದ ಹುಡುಕ್ತಾ ಇದ್ದಾರೆ. ನಿನ್ನ ಗಂಡನಿಗೆ ದೊಡ್ಡ ಕ್ಯಾಂಟೀನು ಉಂಟು, ಅವನು ಬರ್ಲಿಕ್ಕಿಲ್ಲ ಅಂತ ಕೇಳಲೇ ಇಲ್ಲ.”

ಅಮ್ಮನ ಕೈ ಗೆರಸಿಯ ಮೇಲೆ ನಿಂತಿತು. ಆಮೇಲೆ ಮತ್ತೆ ಹೆಕ್ಕತೊಡಗಿತು, ಮೊದಲಿಗಿಂತ ಬೇಗ.

ಹೆಕ್ಕಿದ ಕೆಂಪಕ್ಕಿಯನ್ನೆಲ್ಲ ನಮ್ಮ ಡಬ್ಬಕ್ಕೇ ಹಾಕಿದರು. ಇದು ದೇವರಿಗೆ ಕೊಟ್ಟದ್ದು, ವಾಪಸ್ ಬೇಡ ಎಂದು ಅಮ್ಮ ಗೋಗರೆದರು. ದೊಡ್ಡಮ್ಮ, “ಮಂಡಳಿಯಿಂದ ಖಾಲಿ ಡಬ್ಬ ಮನೆಗೆ ಹೋದದ್ದುಂಟಾ? ಸುಮ್ಮನೆ ಹಿಡಿ,” ಎಂದರು. ಅಷ್ಟು ಹೊತ್ತಿಗೆ ಹೆಂಗಸರಿಗೂ ಸಾಕಾಗಿತ್ತು. ಒಬ್ಬೊಬ್ಬರ ಮುಷ್ಟಿಯಲ್ಲೂ ಕೆಂಪಿನ ಜೊತೆ ಬಿಳಿ ಧಾರಾಳವಾಗಿತ್ತು. ಅವಸರಕ್ಕೋ, ಬೇಕೆಂದೇ ಹಾಗೆ ಹೆಕ್ಕಿದರೋ. ಶುಗರ್ ಎಂದವಳ ಮುಷ್ಟಿಯಲ್ಲಿ ಕೆಂಪು ಇತ್ತೆಂದೇ ಹೇಳಲಾರೆ. ಡಬ್ಬ ಬಂದದ್ದಕ್ಕಿಂತ ಭಾರವಾಗಿ ಮನೆಗೆ ಹೋಯಿತು ಎಂದು ನಾನು ಹೇಳುತ್ತೇನೆ. ಅಷ್ಟೇನಿರಲಿಲ್ಲ ಎನ್ನುತ್ತಾಳೆ ತಂಗಿ.

ಭಾನುವಾರ ಸಂಜೆ ದೊಡ್ಡಮ್ಮನ ಯಜಮಾನರು ನಮ್ಮ ಮೂರು ಮಹಡಿ ಹತ್ತಿ ಬಂದು ಅಪ್ಪನನ್ನು ಕಂಡರು. ಕ್ಯಾಂಟೀನು ನಡೆಸಿದವರು ಹಮಾಲರ ಮೆಸ್ಸಿನಲ್ಲಿ ಒಲೆ ಮುಂದೆ ನಿಲ್ಲಬೇಕು. ಆದರೂ ಅಪ್ಪ ಕೆಲಸಕ್ಕೆ ಹೋದರು. ಎರಡು ವರ್ಷ ಭಿವಂಡಿ, ಆಮೇಲೆ ನವಿ ಮುಂಬೈಯ ಒಂದು ಆಫೀಸಿನ ಕ್ಯಾಂಟೀನು. ಹಾಗೆ ನಾವು ಅಲ್ಲಿಯ ಐರೋಲಿಗೆ ಬಂದದ್ದು.

ಐರೋಲಿಯ ಮನೆಯಲ್ಲಿ, ಅಪ್ಪ ಹೋದ ಮೇಲೆ, ಒಂದು ಮಧ್ಯಾಹ್ನ ಅಮ್ಮನಿಗೆ ಎಲ್ಲ ಹೇಳಿದೆ. ಅವರು ಬೀನ್ಸ್ ಮುರಿಯುತ್ತಿದ್ದರು.

“ಗೊತ್ತಿತ್ತ್,” ಎಂದರು. “ಎರಡಕ್ಕಿ ಒಟ್ಟಿಗ್ ಬೇಯ್ಸಿದ್ ಸೈತ ಗೊತ್ತಿತ್ತ್. ಕಲ್ಲ್ ತಿಂದ್ರೂ ಕರಗಿಸು ಮನ್ಶ ಹೊಟ್ಟೆ ಹಿಡ್ಕಂಡ್ ಮನಿಕಂಡ್ರೆ ಎಂತ ತಿಳ್ಕಂಬ್ದ್?”

ನಾನು ನಕ್ಕೆ. ಆಮೇಲೆ, ಮೊದಲಿನಿಂದಲೂ ಕೇಳಬೇಕೆಂದಿದ್ದದ್ದನ್ನು ಕೇಳಿದೆ: ಮನೆಯಲ್ಲಿದ್ದ ಎಲ್ಲವನ್ನೂ ಆ ಡಬ್ಬಕ್ಕೆ ಸುರಿಯುವಷ್ಟು ನಂಬಿಕೆ ಅವತ್ತು ಎಲ್ಲಿಂದ ಬಂತು?

“ನಂಬಿಕೆಯಾ?” ಅಮ್ಮ ನನ್ನನ್ನೇ ನೋಡಿದರು. “ಹೆದ್ರಿ ಹಾಕಿದ್ದ್. ಅರ್ಧ ಡಬ್ಬ ಕಂಡ್ರೆ ಜನ ಎಂತ ಅಂಬ್ರ್, ದೇವ್ರ್ ಎಂತ ಅಂಬ ಅಂತೇಳಿ. ಅವ ಕೊಟ್ಟ ಅಕ್ಕಿಯನ್ನೇ ಅವನ್ ಕಣ್ಣಿಗೆ ಮಣ್ಣ್ ಹಾಕೂಕೆ ತುಂಬ್ಸಿದೆ. ನಂಬಿಕೆ ಇದ್ದಿದ್ರೆ ಅರ್ಧ ಡಬ್ಬ ಹಾಂಗೇ ತಕಂಡ್ ಹೋತಿದ್ದೆ.”

“ಆದರೂ ಕೊಟ್ಟದ್ದು ದೊಡ್ಡಮ್ಮ, ಆ ಹೆಂಗಸರು. ಮನುಷ್ಯರೇ ಅಲ್ಲವಾ ಅಮ್ಮ?”

“ಮತ್ತೆ ಅವ ಎಂತ, ಗೆರ್ಸಿ ಹಿಡ್ಕಂಡ್ ಅವನೇ ಬಂದ್ ಕೂಕಣ್ಕಾ?” ಎಂದು ಬೀನ್ಸಿನ ನಾರು ಎಳೆದರು.

ಅಮ್ಮ ಹೆದರಿದ್ದರೆಂಬುದು ನನಗೆ ಸಮಾಧಾನ ತಂದಿತು. ಹೆದರದವರು ನಂಬುವುದರಲ್ಲಿ ಏನು ಹೆಚ್ಚುಗಾರಿಕೆ? ಆದರೆ ಅವರು ಆ ಮಧ್ಯಾಹ್ನ ಹೇಳದೆ ಬಿಟ್ಟದ್ದು ಒಂದಿದೆ. ಅದನ್ನು ನಾನು ಕಂಡಿದ್ದೇನೆ.

ಅದು ಮಂಗಲೋತ್ಸವದ ಮರುದಿನ, ಆ ಭಾನುವಾರದ ಬೆಳಿಗ್ಗೆ. ಭಿವಂಡಿಯ ಮಾತು ಅಮ್ಮ ಅಪ್ಪನಿಗೆ ಹೇಳಿದ್ದರು, ಅಪ್ಪ ಹೂಂ ಎಂದೂ ಅಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ. ಸಂಜೆ ಯಾರಾದರೂ ಬರುತ್ತಾರೆಂದು ನಮಗೆ ಗೊತ್ತಿರಲಿಲ್ಲ. ಮಂಡಳಿಯಿಂದ ಬಂದ ಅಕ್ಕಿಯನ್ನು ಅಮ್ಮ ನೀಲಿ ಡ್ರಮ್ಮಿ‍ಗೆ ಸುರಿದಾಗಿತ್ತು. ಎರಡಕ್ಕಿಯೂ ಕರಗುವವರೆಗೆ ಕುದಿಸಿ ಗಂಜಿ ಮಾಡುವುದೊಂದೇ ದಾರಿ. ಅದಕ್ಕೆಂದು ಲೋಟ ಹಿಡಿದು ನಿಂತವರು, ಲೋಟ ಕೆಳಗಿಟ್ಟು ಡ್ರಮ್ಮಿಗೆ ಕೈ ಹಾಕಿ ಒಂದು ಮುಷ್ಟಿ ತೆಗೆದರು.

“ಮಂಗಲೋತ್ಸವ ಮುಗೀತಲ್ಲ ಅಮ್ಮ,” ಎಂದೆ. “ಇನ್ನು ಶಿವರಾತ್ರಿಗೆ.”

“ಮುಗೀತ್.”

“ಮತ್ತೆ? ಇವತ್ತಾದರೂ ಬಿಡು.”

ಅವರು ಬಿಡಲಿಲ್ಲ. ಮುಷ್ಟಿ ಹಿಡಿದ ಕೈ ಡ್ರಮ್ಮಿಗೂ ದೇವರ ಡಬ್ಬಕ್ಕೂ ನಡುವೆ ನಿಂತಿತ್ತು. ಬೆರಳ ಸಂದಿಯಿಂದ ಒಂದೆರಡು ಕಾಳು ನೆಲಕ್ಕೆ ಬಿದ್ದವು. ಹಿಂತಿರುಗಿಸಿಬಿಡುತ್ತಾರೆ ಎಂದುಕೊಂಡೆ, ಹಿಂತಿರುಗಿಸಲಿ ಎಂದೂ ಬಯಸಿದೆ. ಆಮೇಲೆ ಅವರು ಕಣ್ಣು ಮುಚ್ಚಿಕೊಳ್ಳದೆ, ಏನೂ ಗುನುಗದೆ, ಕೈ ತೆರೆದರು. ಖಾಲಿ ತಗಡಿನ ಡಬ್ಬಕ್ಕೆ ಅಕ್ಕಿ ಬಿದ್ದ ಸದ್ದು ಮನೆಯೆಲ್ಲ ಕೇಳಿಸಿತು. ತಂಗಿಗೂ ನನಗೂ ಒಂದೇ ರೀತಿ ನೆನಪಿರುವುದು ಆ ವಾರದಲ್ಲಿ ಅದೊಂದೇ, ಆ ಸದ್ದು.

ಹೊರಗಿನ ಕೋಣೆಯಲ್ಲಿ ಅಪ್ಪ ಎದ್ದು ಕುಳಿತರು. “ಎಂತ ಅದ್?”

“ಎಂತ ಇಲ್ಲ. ಅಕ್ಕಿ,” ಎಂದರು ಅಮ್ಮ. ಬಿದ್ದ ಕಾಳುಗಳನ್ನು ಹೆಕ್ಕಿ ಲೋಟಕ್ಕೆ ಹಾಕಿಕೊಂಡು, ದೇವರ ಡಬ್ಬದ ಮುಚ್ಚಳವನ್ನು ನನ್ನ ಕೈಗೆ ಕೊಟ್ಟರು.